ತಲೆಗೆ ಪೆಟ್ಟು ಬಿದ್ದ ಮಗು ಅಂದು ಮತ್ತೆ ಆಡಬಾರದು

ದೆಹಲಿ ಕ್ರಿಕೆಟ್ ತಂಡದ ಆಟಗಾರ ರಮಣ್ ಲಾಂಬಾ 1998ರ ಫೆಬ್ರುವರಿ 20ರಂದು ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟಿನಿಂದ ಸಿಡಿದ ಚೆಂಡು ನೇರ ತಲೆಗೆ ಬಡಿಯಿತು. ಎದ್ದು ನಿಂತರು, ನಡೆದುಕೊಂಡೇ ಮೈದಾನದಿಂದ ಹೊರಬಂದರು. ಮೂರು ದಿನಗಳ ನಂತರ ತೀರಿಕೊಂಡರು. ಅವರಿಗಾದದ್ದು ಮಿದುಳಿನ ರಕ್ತಸ್ರಾವ. ಶಾಲಾ ಮೈದಾನಗಳಲ್ಲಿ ಹೆಚ್ಚಾಗಿ ಆಗುವುದು ಕನ್ಕಷನ್, ಅಂದರೆ ತಲೆಯೊಳಗೆ ಮಿದುಳು ಜೋರಾಗಿ ಅಲುಗಿ, ಅದರ ಕೆಲಸ ಕೆಲಕಾಲ ಏರುಪೇರಾಗುವುದು. ಎರಡೂ ಬೇರೆ ಬೇರೆ, ನಿಜ. ಆದರೆ ಮೊದಲ ಕೆಲವು ನಿಮಿಷಗಳಲ್ಲಿ ಹೊರಗಿನಿಂದ ನೋಡಿ ಇದು ಯಾವುದು ಎಂದು ಹೇಳುವುದು ಕಷ್ಟ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಜೋಫ್ರಾ ಆರ್ಚರ್ ಎಸೆತ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದಾಗ ತಂಡದ ವೈದ್ಯರು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಏನೂ ಕಾಣದ ಕಾರಣ ಸ್ಮಿತ್ ಮತ್ತೆ ಬ್ಯಾಟಿಂಗ್‌ಗೆ ಇಳಿದರು. ಕನ್ಕಷನ್‌ನ ಲಕ್ಷಣಗಳು ಕಾಣಿಸಿದ್ದು ಮರುದಿನ. ಅವರ ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. ಕನ್ಕಷನ್ ಆದವರ ಬದಲಿಗೆ ಬೇರೊಬ್ಬರನ್ನು ಆಡಿಸಲು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಅವಕಾಶ ಕೊಟ್ಟದ್ದು ಅದೇ ತಿಂಗಳ ಮೊದಲ ದಿನದಿಂದ. ನುರಿತ ವೈದ್ಯರ ಕಣ್ಣಿಗೇ ಅಂದು ಕಾಣದ್ದು ಗುರುಗ್ರಾಮದ ಶಾಲೆಯೊಂದರ ಪಿ.ಟಿ. ಮೇಷ್ಟ್ರಿಗೆ ಕಾಣಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ವಾಸ್ತವದಲ್ಲಿ ಕನ್ಕಷನ್ ಆದವರಲ್ಲಿ ಹೆಚ್ಚಿನವರು ಪ್ರಜ್ಞೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ತಲೆನೋವು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ಓದಿದ್ದು ತಲೆಗೆ ಹತ್ತದಿರುವುದು: ಲಕ್ಷಣಗಳು ಇಷ್ಟು ಸಾಧಾರಣ. ಆದ್ದರಿಂದಲೇ ಮನೆಯಲ್ಲಿ ಅದನ್ನು ಬಿಸಿಲಿನ ಬಳಲಿಕೆ ಎಂದೋ, ಪರೀಕ್ಷೆ ಹತ್ತಿರ ಬಂದಾಗಿನ ಸೋಮಾರಿತನ ಎಂದೋ ಭಾವಿಸುತ್ತಾರೆ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನವೇ ಎರಡನೆಯದು ಬಿದ್ದರೆ ಅಪಾಯ ಬೇರೆಯೇ ಮಟ್ಟದ್ದು. ಅಪರೂಪವಾದರೂ ಮಿದುಳು ಹಠಾತ್ತನೆ ಊದಿಕೊಂಡು ಜೀವಕ್ಕೇ ಸಂಚಕಾರ ಬರಬಹುದು. ಹಾಗೆ ಬಲಿಯಾದವರಲ್ಲಿ ಹೆಚ್ಚಿನವರು ಹದಿಹರೆಯದವರು.

ಹಾಗಾದರೆ ತಲೆಗೆ ಪೆಟ್ಟು ಬಿದ್ದ ಮಗುವನ್ನು ಹೊರಗೆ ಕೂರಿಸುವವರು ಯಾರು? ಮಗುವಿಗೆ ಆಡುವ ಆಸೆ. ಕೋಚ್‌ಗೆ ಗೆಲ್ಲುವ ಒತ್ತಡ. ಬೌಂಡರಿ ಗೆರೆಯ ಆಚೆ ನಿಂತ ತಂದೆತಾಯಿಗೆ ಆಯ್ಕೆಗಾರರು ನೋಡುತ್ತಿದ್ದಾರೆಂಬ ಆತಂಕ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಆ ಗಳಿಗೆಯಲ್ಲಿ ಪಂದ್ಯದ ಹಂಗಿಲ್ಲದೆ ತೀರ್ಮಾನಿಸುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಕೆನಡಾದ ಒಟ್ಟಾವಾದಲ್ಲಿ 2013ರಲ್ಲಿ ರಗ್ಬಿ ಆಡುತ್ತಾ ಪ್ರಾಣ ಕಳೆದುಕೊಂಡ 17 ವರ್ಷದ ರೋವನ್ ಸ್ಟ್ರಿಂಗರ್, ಅದಕ್ಕೆ ಮೊದಲಿನ ದಿನಗಳಲ್ಲೂ ತಲೆಗೆ ಪೆಟ್ಟು ತಿಂದಿದ್ದಳು. ತನಗೆ ಕನ್ಕಷನ್ ಆಗಿರಬಹುದೆಂಬ ಅನುಮಾನವನ್ನು ಗೆಳತಿಯರ ಹತ್ತಿರ ಹೇಳಿಕೊಂಡಿದ್ದಳೇ ಹೊರತು ಹಿರಿಯರ ಹತ್ತಿರ ಅಲ್ಲ. ಆ ಸಾವಿನ ವಿಚಾರಣೆಯಿಂದ 49 ಶಿಫಾರಸುಗಳು ಹೊರಬಂದವು. 2018ರಲ್ಲಿ ಒಂಟಾರಿಯೊ ಪ್ರಾಂತ್ಯ ಅವಳ ಹೆಸರಿನಲ್ಲೇ ಕಾನೂನು ಮಾಡಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ ಇನ್ನೂ ಮೊದಲು, 2009ರಲ್ಲೇ, ಇಂಥ ಕಾನೂನು ತಂದಿತ್ತು. ಅದರ ತಿರುಳು ಬಹಳ ಸರಳ. ಪ್ರತಿ ವರ್ಷ ಪೋಷಕರು ಮತ್ತು ಆಟಗಾರರು ಮಾಹಿತಿ ಪತ್ರ ಓದಿ ಸಹಿ ಹಾಕಬೇಕು. ಅನುಮಾನ ಬಂದರೆ ಸಾಕು, ಮಗುವನ್ನು ಆಟದಿಂದ ಹೊರಗೆ ಕರೆಯಬೇಕು. ತರಬೇತಿ ಪಡೆದ ಆರೋಗ್ಯ ವೃತ್ತಿಪರರು ಬರೆದುಕೊಡುವ ತನಕ ಮತ್ತೆ ಇಳಿಸಬಾರದು. 2014ರ ಹೊತ್ತಿಗೆ ಐವತ್ತೂ ರಾಜ್ಯಗಳು ಇದೇ ದಾರಿ ಹಿಡಿದವು. ಅಲ್ಲಿನ ಹೈಸ್ಕೂಲ್ ಆಟಗಾರರ 2005ರಿಂದ 2016ರ ತನಕದ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಕಾನೂನು ಬಂದ ಸುಮಾರು ಎರಡೂವರೆ ವರ್ಷಗಳ ನಂತರ ಮರುಕಳಿಸುವ ಕನ್ಕಷನ್‌ಗಳು ಇಳಿಮುಖವಾದದ್ದು ಕಂಡುಬಂತು. ಶುರುವಿನಲ್ಲಿ ಒಟ್ಟು ಪ್ರಕರಣಗಳ ಸಂಖ್ಯೆ ಏರಿತ್ತು. ಜನ ಗುರುತಿಸಲು ಕಲಿತದ್ದೂ ಅದಕ್ಕೊಂದು ಕಾರಣ ಎನ್ನಬಹುದು.

ದೆಹಲಿ ಮತ್ತು ಅದರ ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದಲ್ಲಿಯೂ ಇಂಥದ್ದೊಂದು ಕಾನೂನು ತುರ್ತಾಗಿ ಬೇಕು. ದೇಶದ ಶಾಲಾ ಫುಟ್‌ಬಾಲ್‌ನ ದೊಡ್ಡ ಟೂರ್ನಿ ಸುಬ್ರತೋ ಕಪ್ 1960ರಿಂದ ಹೆಚ್ಚಾಗಿ ನಡೆದುಬಂದಿರುವುದು ದೆಹಲಿಯಲ್ಲಿ. ಭಿವಾನಿಯ ಬಾಕ್ಸಿಂಗ್, ಸೋನಿಪತ್‌ನ ಕುಸ್ತಿ, ಹಳ್ಳಿಹಳ್ಳಿಯ ಕಬಡ್ಡಿ ಎಲ್ಲವೂ ಇದೇ ವಲಯದ್ದು. ಆದರೆ ನೊಯಿಡಾದಲ್ಲಿ ಮನೆ, ದೆಹಲಿಯಲ್ಲಿ ಶಾಲೆ, ಫರಿದಾಬಾದ್‌ನಲ್ಲಿ ಅಕಾಡೆಮಿ ಇರುವ ಮಗು ಮೂರು ಸರ್ಕಾರಗಳ ಗಡಿ ದಾಟುತ್ತದೆ. ಕ್ರೀಡೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಸಿಬಿಎಸ್‌ಇ ತನ್ನ ಮಾನ್ಯತೆಯ ಷರತ್ತಿನಲ್ಲಿ ಈ ನಿಯಮ ಸೇರಿಸಿದರೆ ಹಲವಾರು ಖಾಸಗಿ ಶಾಲೆಗಳು ಒಂದೇ ಏಟಿಗೆ ಅದರಡಿ ಬರುತ್ತವೆ. ಶುಲ್ಕ ಪಡೆದು ತರಬೇತಿ ಕೊಡುವ ಅಕಾಡೆಮಿಗಳು ಮಾತ್ರ ಸುತ್ತೋಲೆಗೆ ಸಿಗುವುದಿಲ್ಲ. ಅದಕ್ಕೆ ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳ ವಿಧಾನಸಭೆಗಳೇ ಒಂದೇ ಮಾದರಿಯ ಕಾಯ್ದೆ ತರಬೇಕು.

ಕಾಗದದ ಮೇಲೆ ಕಾನೂನು ಬರುತ್ತದೆ, ಮೈದಾನಕ್ಕೆ ಬರುವುದಿಲ್ಲ ಎನ್ನುವವರಿದ್ದಾರೆ. ಅವರು ಶಾಲಾ ಬಸ್ಸುಗಳ ನಿಯಮವನ್ನು ನೆನಪಿಸಿಕೊಳ್ಳಲಿ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಬಳಿ ಶಾಲಾ ಬಸ್ಸು ಯಮುನೆಗೆ ಉರುಳಿ 28 ಮಕ್ಕಳು ಸತ್ತರು. ಅದರ ಬೆನ್ನಲ್ಲೇ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳಿಗೆ ನಿಯಮ ವಿಧಿಸಿತು. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವೇಗ ನಿಯಂತ್ರಕ, ಜೊತೆಗೊಬ್ಬ ಸಹಾಯಕ ಇರಬೇಕೆಂದು ಇಂದು ಪೋಷಕರು ಶಾಲೆಯವರನ್ನು ದಬಾಯಿಸಿ ಕೇಳಬಲ್ಲರು. ಉಲ್ಲಂಘನೆ ನಿಂತಿಲ್ಲ, ಒಪ್ಪುತ್ತೇನೆ. ಆದರೆ ಕೇಳುವ ಹಕ್ಕು ಬಂದದ್ದು ಲಿಖಿತ ನಿಯಮದಿಂದ.

ವೈದ್ಯರೇ ಇಲ್ಲದ ಕಡೆ ಏನು ಮಾಡುವುದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಗುವನ್ನು ಹೊರಗೆ ಕೂರಿಸಲು ವೈದ್ಯರು ಬೇಕಿಲ್ಲ, ಅನುಮಾನವಷ್ಟೇ ಸಾಕು. ಸಾಮಾನ್ಯ ಜನರಿಗೆಂದೇ ತಜ್ಞರು ರೂಪಿಸಿದ ಗುರುತಿಸುವ ಕೈಪಿಡಿ ಇದೆ. ಅದನ್ನು ಹಿಂದಿಗೆ ತಂದು ಪ್ರತಿ ಶಿಕ್ಷಕರ ಕೈಗೆ ಕೊಡಲು ಆಗುವ ಖರ್ಚು ಒಂದು ಟೂರ್ನಿಯ ಟ್ರೋಫಿಗಳಿಗಿಂತ ಹೆಚ್ಚಾಗದು. ಮರಳಿ ಆಡಲು ಪತ್ರ ಕೊಡುವ ಕೆಲಸಕ್ಕೆ ನರರೋಗ ತಜ್ಞರನ್ನೇ ಹುಡುಕಬೇಕೆಂದರೆ ಬಡ ಮಕ್ಕಳು ಆಟದಿಂದಲೇ ದೂರವಾದಾರು. ಸರ್ಕಾರಿ ಡಿಸ್ಪೆನ್ಸರಿಯ ತರಬೇತಿ ಪಡೆದ ವೈದ್ಯಾಧಿಕಾರಿಗೂ ಆ ಅಧಿಕಾರ ಇರಬೇಕು, ಶುಲ್ಕ ಇರಬಾರದು.

ಶಾಲೆಗಳು ಹೆದರಿ ಆಟವನ್ನೇ ನಿಲ್ಲಿಸಿಬಿಟ್ಟರೆ? ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲೇ ನಮ್ಮ ನಗರದ ಮಕ್ಕಳಿಗೆ ಮೈದಾನ ಸಿಗುವುದು ಕಷ್ಟ. ಆದ್ದರಿಂದ ಶಿಕ್ಷೆ ಪೆಟ್ಟು ಬಿದ್ದದ್ದಕ್ಕೆ ಇರಕೂಡದು. ಅನುಮಾನವಿದ್ದೂ ಆಡಿಸಿದ್ದಕ್ಕೆ ಮಾತ್ರ ಇರಬೇಕು. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಂತೆ, ಫೈನಲ್ ಪಂದ್ಯದ ನಡುವೆ ತಂಡದ ನಾಯಕನನ್ನೇ ಹೊರಗೆ ಕರೆದ ಶಿಕ್ಷಕನಿಗೆ ಆಡಳಿತ ಮಂಡಳಿಯ ಸಿಟ್ಟಿನಿಂದ ರಕ್ಷಣೆ ಬೇಕು. ಕರಡು ಬರೆಯುವವರು ಮೊದಲು ಬರೆಯಬೇಕಾದ ಕಲಮು ಅದು.