ಚಿನ್ನದ ನಾಣ್ಯ: ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆ

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1997ರ ಆಗಸ್ಟ್ 15ರಂದು ರಚನೆಯಾದ ಚಾಮರಾಜನಗರ ಜಿಲ್ಲೆಯು ಪ್ರಧಾನವಾಗಿ ಕೃಷಿಯನ್ನು ಅವಲಂಬಿಸಿದೆ. ಚಾಮರಾಜನಗರ ಭಾಗದ ಅರಿಶಿನ, ಗುಂಡ್ಲುಪೇಟೆ ಭಾಗದ ಚೆಂಡುಹೂವು ಮತ್ತು ತರಕಾರಿ, ಜಿಲ್ಲೆಯ ರೇಷ್ಮೆ ಇವು ರೈತರ ಕೈಗೆ ಹಣ ತರುವ ಉತ್ಪನ್ನಗಳು. ಈ ಹಣವು ತಿಂಗಳ ಸಂಬಳದಂತೆ ಬರುವುದಿಲ್ಲ. ಸುಗ್ಗಿಯಲ್ಲಿ ಒಟ್ಟಾಗಿ ಬರುತ್ತದೆ. ಹಾಗೆ ಬಂದುದರಲ್ಲಿ ಒಂದು ಪಾಲನ್ನು ಚಿನ್ನವಾಗಿ ಮಾರ್ಪಡಿಸಿ ಇಡುವುದು ಇಲ್ಲಿನ ಕುಟುಂಬಗಳಲ್ಲಿ ಹಿಂದಿನಿಂದ ಬಂದ ರೂಢಿ.

2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಆಭರಣದ ತಯಾರಿಕಾ ಶುಲ್ಕವನ್ನು ಭರಿಸುವುದಕ್ಕಿಂತ ನಾಣ್ಯ ಕೊಳ್ಳುವುದು ಲೇಸೆಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು. 2015ರ ನವೆಂಬರ್‌ನಲ್ಲಿ ಆರಂಭವಾದ ಸಾರ್ವಭೌಮ ಚಿನ್ನದ ಬಾಂಡ್‌ಗಳ ಹೊಸ ಮಾರಾಟವು 2024ರ ಫೆಬ್ರುವರಿಯ ಕಂತಿನ ನಂತರ ನಿಂತಿದ್ದೂ ನಾಣ್ಯದತ್ತ ಗಮನ ಹರಿಯಲು ಇನ್ನೊಂದು ಕಾರಣ. ಆಭರಣಕ್ಕಿಂತ ನಾಣ್ಯ ಲೇಸೆಂಬ ಮಾತು ತಪ್ಪಲ್ಲ. ಆದರೆ ಅದು ಅರ್ಧ ಮಾತು. ನಾಣ್ಯವನ್ನು ಎಷ್ಟಕ್ಕೆ ಕೊಳ್ಳಲಾಯಿತು ಎಂಬುದನ್ನು ಎಲ್ಲರೂ ವಿಚಾರಿಸುತ್ತಾರೆ. ಅದೇ ನಾಣ್ಯವನ್ನು ಎಲ್ಲಿ, ಯಾರಿಗೆ, ಎಷ್ಟಕ್ಕೆ ಮಾರಲು ಸಾಧ್ಯ ಎಂಬುದನ್ನು ಕೊಳ್ಳುವ ದಿನವೇ ವಿಚಾರಿಸುವವರು ವಿರಳ.

ಸವರನ್ನಿನ ತೂಕ

ನಾಣ್ಯವೇ ಉಳಿತಾಯವಾಗಿದ್ದ ಕಾಲ ಈ ಸೀಮೆಗೆ ಅಪರಿಚಿತವಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ (1638-1659) ಕಂಠೀರಾಯಿ ಹಣವು ಅರ್ಧ ಗ್ರಾಂಗೂ ಕಡಿಮೆ ತೂಕದ ಚಿನ್ನದ ನಾಣ್ಯ. ವರಹದ ತೂಕ ಸುಮಾರು 3.4 ಗ್ರಾಂ. ಇವುಗಳ ಬೆಲೆಯು ಒಳಗಿದ್ದ ಲೋಹದ ಬೆಲೆಗೆ ಹತ್ತಿರವಾಗಿಯೇ ಇರುತ್ತಿತ್ತು. ಸಂಶಯ ಬಂದಲ್ಲಿ ಚಿನಿವಾರನ ಒರೆಗಲ್ಲು ಅದನ್ನು ತೀರ್ಮಾನಿಸುತ್ತಿತ್ತು. ಚಿನ್ನ ಬೆಳ್ಳಿಯ ಮಾರುಕಟ್ಟೆಗೆ ಇಂದಿಗೂ ಪತ್ರಿಕೆಗಳು ಚಿನಿವಾರಪೇಟೆ ಎಂದೇ ಹೆಸರಿಡುವುದುಂಟು.

ತರುವಾಯ ಬ್ರಿಟನ್ನಿನ ಸವರನ್ ನಾಣ್ಯ ಬಳಕೆಗೆ ಬಂದಿತು. ಇದರ ಒಟ್ಟು ತೂಕ 7.988 ಗ್ರಾಂ, ಶುದ್ಧತೆ 22 ಕ್ಯಾರೆಟ್, ಒಳಗಿನ ಶುದ್ಧ ಚಿನ್ನ 7.32 ಗ್ರಾಂ. 1918ರಲ್ಲಿ ಬೊಂಬಾಯಿಯಲ್ಲಿಯೂ ಇದನ್ನು ಟಂಕಿಸಲಾಗಿತ್ತು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಕೇರಳದ ವಯನಾಡಿಗೂ ಇನ್ನೊಂದು ತಮಿಳುನಾಡಿನ ನೀಲಗಿರಿಗೂ ಹೋಗುತ್ತದೆ. ಆ ಎರಡೂ ಕಡೆ ಚಿನ್ನದ ದರವನ್ನು ಎಂಟು ಗ್ರಾಂ ಲೆಕ್ಕದಲ್ಲಿ, ಪವನ್ ಅಥವಾ ಸವರನ್ ಎಂದು ಹೇಳುವ ರೂಢಿಯಿದೆ. ಸುಲ್ತಾನ್ ಬತ್ತೇರಿಗೆ ಹೋಗಿ ಚಿನ್ನ ಕೊಳ್ಳುವ ಗುಂಡ್ಲುಪೇಟೆಯ ಗ್ರಾಹಕರು ಪವನಿನ ದರವನ್ನು ಎಂಟರಿಂದ ಭಾಗಿಸಿ, 22 ಕ್ಯಾರೆಟ್ಟಿನ ಗ್ರಾಂ ದರದೊಡನೆ ಮಾತ್ರ ಹೋಲಿಸತಕ್ಕದ್ದು. ಸರಕು ಮತ್ತು ಸೇವಾ ತೆರಿಗೆಯ ದರ ದೇಶದಾದ್ಯಂತ ಒಂದೇ ಆಗಿರುವುದರಿಂದ ಗಡಿ ದಾಟಿದ ಮಾತ್ರಕ್ಕೆ ತೆರಿಗೆ ಉಳಿಯುವುದಿಲ್ಲ.

ಐರೋಪ್ಯ ದೇಶಗಳ ವ್ಯವಸ್ಥೆ

ಸವರನ್ ಹುಟ್ಟಿದ ಯೂರೋಪಿನಲ್ಲಿ ಇಂಥ ನಾಣ್ಯಗಳ ವಹಿವಾಟು ಇಂದಿಗೂ ಜೀವಂತವಾಗಿದೆ. ಅದು ಗಟ್ಟಿ ಚಿನ್ನದ ಬೆಲೆಗೆ ಹತ್ತಿರದಲ್ಲಿ ನಡೆಯಲು ಕಾನೂನು ನೆರವಾಗಿದೆ. ಐರೋಪ್ಯ ಒಕ್ಕೂಟವು 1998ರಲ್ಲಿ ಹೊರಡಿಸಿ 2000ದ ಜನವರಿಯಿಂದ ಜಾರಿಗೆ ತಂದ ನಿರ್ದೇಶನದಂತೆ ಹೂಡಿಕೆಯ ಚಿನ್ನಕ್ಕೆ ಮೌಲ್ಯವರ್ಧಿತ ತೆರಿಗೆ ಇಲ್ಲ. ನಾಣ್ಯವು 1800ರ ನಂತರ ಟಂಕಿಸಿದ್ದಾಗಿರಬೇಕು. ಸಾವಿರಕ್ಕೆ ಕನಿಷ್ಠ 900 ಭಾಗ ಶುದ್ಧವಿರಬೇಕು. ತನ್ನ ದೇಶದಲ್ಲಿ ಚಲಾವಣೆಯ ಮಾನ್ಯತೆ ಹೊಂದಿರಬೇಕು ಅಥವಾ ಹಿಂದೆ ಹೊಂದಿದ್ದಿರಬೇಕು. ಅದರ ಮಾರಾಟ ಬೆಲೆ ಸಾಮಾನ್ಯವಾಗಿ ಒಳಗಿನ ಚಿನ್ನದ ಬೆಲೆಗಿಂತ ಶೇ. 80ಕ್ಕೂ ಹೆಚ್ಚಾಗಿರಬಾರದು. ಸವರನ್, ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್ (1967), ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ (1989) ಇವೆಲ್ಲ ಈ ವ್ಯಾಖ್ಯೆಗೆ ಒಳಪಡುತ್ತವೆ.

ಆದರೆ ತೆರಿಗೆ ವಿನಾಯಿತಿಗಿಂತಲೂ ಗಮನಿಸಬೇಕಾದುದು ಅಲ್ಲಿನ ವ್ಯಾಪಾರದ ಕ್ರಮ. ನಾಣ್ಯ ವ್ಯಾಪಾರಿಯು ಎರಡು ಬೆಲೆಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸುತ್ತಾನೆ: ತಾನು ಮಾರುವ ಬೆಲೆ ಮತ್ತು ಅದೇ ನಾಣ್ಯವನ್ನು ತಾನು ಕೊಳ್ಳುವ ಬೆಲೆ. ಒಂದು ಔನ್ಸ್ (31.1 ಗ್ರಾಂ) ತೂಕದ ಪ್ರಸಿದ್ಧ ನಾಣ್ಯಗಳಲ್ಲಿ ಇವೆರಡರ ಅಂತರ ಸಾಮಾನ್ಯ ದಿನಗಳಲ್ಲಿ ಕೆಲವೇ ಶೇಕಡಾ. ನಾಣ್ಯ ಚಿಕ್ಕದಾದಷ್ಟೂ ಅಂತರ ಹೆಚ್ಚು. ಎಲ್ಲ ಕಾಲಕ್ಕೂ ಹೀಗೆಯೇ ಎನ್ನುವಂತಿಲ್ಲ. 2020ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರಾಂತ್ಯದ ಶುದ್ಧೀಕರಣ ಘಟಕಗಳು ಕೋವಿಡ್ ನಿರ್ಬಂಧದಿಂದ ಮುಚ್ಚಿದಾಗ ನಾಣ್ಯ ದೊರೆಯದೆ ಬೆಲೆ ಲೋಹಕ್ಕಿಂತ ಬಹಳ ಮೇಲೇರಿತು. ಜರ್ಮನಿಯು 2020ರ ಜನವರಿಯಿಂದ ಗುರುತು ನೀಡದೆ ನಗದಾಗಿ ಚಿನ್ನ ಕೊಳ್ಳುವ ಮಿತಿಯನ್ನು 10,000 ಯೂರೋಗಳಿಂದ 2,000 ಯೂರೋಗಳಿಗೆ ಇಳಿಸಿತು.

ಇಲ್ಲಿನ ಲೆಕ್ಕ

ಭಾರತದಲ್ಲಿ ಮಾರಾಟವಾಗುವ ಚಿನ್ನದ ನಾಣ್ಯವು ಹೆಸರಿಗೆ ನಾಣ್ಯವಾದರೂ ಚಲಾವಣೆಯ ಹಣವಲ್ಲ. ಅದರ ಮೇಲೆ ಮುಖಬೆಲೆ ಇರುವುದಿಲ್ಲ. ಅದೊಂದು ಚಿನ್ನದ ಬಿಲ್ಲೆ. ಕೊಳ್ಳುವಾಗ ಶೇ. 3ರಷ್ಟು ಸರಕು ಮತ್ತು ಸೇವಾ ತೆರಿಗೆ ತೆರಬೇಕು. ಮಾರುವಾಗ ಈ ತೆರಿಗೆ ಹಿಂದಕ್ಕೆ ಬಾರದು. ಅಂಗಡಿಯು ನಾಣ್ಯಕ್ಕೂ ಅಲ್ಪ ತಯಾರಿಕಾ ಶುಲ್ಕ ವಿಧಿಸುತ್ತದೆ. ಹಿಂದಕ್ಕೆ ಪಡೆಯುವಾಗ ಕರಗಿಸುವ ಸವಕಳಿ ಎಂದು ಕಡಿತ ಮಾಡುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಗ್ರಾಂ ದರ 10,000 ರೂಪಾಯಿ ಎಂದು ಭಾವಿಸೋಣ. ಎಂಟು ಗ್ರಾಂ ನಾಣ್ಯದ ಲೋಹದ ಬೆಲೆ 80,000 ರೂ. ಶುಲ್ಕ ಶೇ. 3 ಎಂದಾದರೆ 82,400 ರೂ. ಅದರ ಮೇಲೆ ತೆರಿಗೆ 2,472 ರೂ. ಸೇರಿ ಗ್ರಾಹಕರು ನೀಡುವುದು 84,872 ರೂ. ಅದೇ ದಿನ ಮಾರಲು ಹೋದಲ್ಲಿ, ಕಡಿತ ಶೇ. 2 ಎಂದಿಟ್ಟುಕೊಂಡರೆ, ದೊರೆಯುವುದು 78,400 ರೂ. ವ್ಯತ್ಯಾಸ 6,472 ರೂ. ಅಂದರೆ ಚಿನ್ನದ ದರ ಶೇ. 8ಕ್ಕಿಂತ ಸ್ವಲ್ಪ ಹೆಚ್ಚು ಏರುವವರೆಗೆ ಹಾಕಿದ ಹಣವೇ ಕೈಗೆ ಬರದು. ಇದೇ ಲೋಹದ ಬೆಲೆಯ ಬಳೆಗೆ ಶೇ. 12ರ ತಯಾರಿಕಾ ಶುಲ್ಕವಿದ್ದಲ್ಲಿ ನೀಡಬೇಕಾದುದು 92,288 ರೂ., ನಷ್ಟ 13,888 ರೂ. ಬಳೆಗಿಂತ ನಾಣ್ಯ ಲೇಸೆಂಬುದು ಇಷ್ಟರಮಟ್ಟಿಗೆ ನಿಜ. ಬಳೆಯನ್ನು ತೊಡಬಹುದೆಂಬ ಪ್ರಯೋಜನ ನಾಣ್ಯಕ್ಕಿಲ್ಲವೆಂಬುದೂ ನಿಜವೇ.

ಅಶೋಕ ಚಕ್ರದ ಗುರುತುಳ್ಳ ಇಂಡಿಯನ್ ಗೋಲ್ಡ್ ಕಾಯಿನ್ 2015ರ ನವೆಂಬರ್ 5ರಂದು ಬಿಡುಗಡೆಯಾದ ನಂತರ ನಾಣ್ಯವನ್ನು ಬ್ಯಾಂಕಿನಲ್ಲಿಯೇ ಕೊಳ್ಳುವುದು ಸುರಕ್ಷಿತವೆಂಬ ಭಾವನೆ ಬೆಳೆದಿದೆ. ಶುದ್ಧತೆಯ ಮಟ್ಟಿಗೆ ಇದು ಸರಿ. ಆದರೆ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ತಾವು ಮಾರಿದ ನಾಣ್ಯವನ್ನು ಮರಳಿ ಕೊಳ್ಳುವಂತಿಲ್ಲ. ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕಾದಾಗ ರೈತನು ಆ ನಾಣ್ಯವನ್ನು ಹಿಡಿದು ಕೊನೆಗೆ ಆಭರಣದಂಗಡಿಗೇ ಹೋಗಬೇಕಾಗುತ್ತದೆ. ತನ್ನ ಅಂಗಡಿಯದಲ್ಲದ ನಾಣ್ಯಕ್ಕೆ ಅಂಗಡಿಯವರು ಹೆಚ್ಚು ಕಡಿತ ಕೇಳುವ ಸಂಭವವಿರುತ್ತದೆ, ಇಲ್ಲವೇ ಹಣದ ಬದಲು ಆಭರಣ ಕೊಳ್ಳಲು ಒತ್ತಾಯಿಸಬಹುದು. ಜಿಲ್ಲಾ ಕೇಂದ್ರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಅಂಗಡಿಯ ಫಲಕದ ಮೇಲೆ ಮಾರುವ ದರದ ಪಕ್ಕದಲ್ಲಿ ಕೊಳ್ಳುವ ದರವನ್ನೂ ಬರೆಯುವ ಪದ್ಧತಿ ಬೆಳೆದರೆ ಗ್ರಾಹಕರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಲ್ಲಿಯವರೆಗೆ ಮರುಖರೀದಿಯ ಷರತ್ತನ್ನು, ಕಡಿತವೆಷ್ಟು ಮತ್ತು ಹಣವಾಗಿ ನೀಡಲಾಗುವುದೇ ಎಂಬ ವಿವರ ಸಹಿತ, ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಸೂಕ್ತ.

ಅಡಮಾನದ ವಿಚಾರದಲ್ಲಿಯೂ ನಾಣ್ಯಕ್ಕೂ ಒಡವೆಗೂ ಭೇದವಿದೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ ಒಬ್ಬ ಸಾಲಗಾರನು ಒಟ್ಟು ಒಂದು ಕಿಲೋಗ್ರಾಂವರೆಗೆ ಆಭರಣ ಒತ್ತೆಯಿಡಬಹುದು. ಚಿನ್ನದ ನಾಣ್ಯಗಳಿಗೆ ಮಿತಿ 50 ಗ್ರಾಂ. ಗಟ್ಟಿ ಚಿನ್ನದ ಮೇಲೆ ಸಾಲವೇ ಇಲ್ಲ. ಬೇಸಾಯದ ಖರ್ಚಿಗೆ ಚಿನ್ನದ ಸಾಲವನ್ನೇ ನೆಚ್ಚಿಕೊಂಡ ಕುಟುಂಬಗಳು ಇದನ್ನು ತಿಳಿದಿರಬೇಕು.

ಹಾಲ್‌ಮಾರ್ಕ್ ಮತ್ತು ನಾಣ್ಯ

ಆಭರಣಗಳಿಗೆ ಕಡ್ಡಾಯ ಹಾಲ್‌ಮಾರ್ಕ್ 2021ರ ಜೂನ್ 23ರಿಂದ ಹಂತ ಹಂತವಾಗಿ ಜಾರಿಗೆ ಬಂದಿತು. 2023ರ ಏಪ್ರಿಲ್ 1ರಿಂದ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆಯೂ ಅಗತ್ಯವಾಯಿತು. ಈ ಆದೇಶವು ಎರಡು ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳನ್ನೂ, ಗಟ್ಟಿ, ತಗಡು, ತಂತಿ, ಬಿಲ್ಲೆ ಅಥವಾ ನಾಣ್ಯದ ರೂಪದಲ್ಲಿರುವ ಚಿನ್ನವನ್ನೂ ಕಡ್ಡಾಯದಿಂದ ಹೊರಗಿಟ್ಟಿತು. ಒಡವೆಯ ಮೇಲೆ ಗುರುತು ಇದ್ದೇ ಇರುತ್ತದೆಂಬ ನಂಬಿಕೆಯಿಂದ ನಾಣ್ಯವನ್ನು ಕೊಳ್ಳುವವರು ಗಮನಿಸಬೇಕಾದ ಅಂಶ ಇದು. ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಪಡೆದ ಶುದ್ಧೀಕರಣ ಘಟಕ ಅಥವಾ ಟಂಕಸಾಲೆಗಳು 999 ಮತ್ತು 995 ಶುದ್ಧತೆಯ ನಾಣ್ಯಗಳಿಗೆ ಹಾಲ್‌ಮಾರ್ಕ್ ಹಾಕುತ್ತವೆ. ಅಂಥ ಗುರುತುಳ್ಳ ನಾಣ್ಯವನ್ನೇ ಕೇಳಿ ಪಡೆಯುವುದು ಒಳಿತು. 22 ಕ್ಯಾರೆಟ್ ನಾಣ್ಯಕ್ಕೆ 24 ಕ್ಯಾರೆಟ್ ದರ ನೀಡಿದಲ್ಲಿ ಗ್ರಾಂ ಒಂದಕ್ಕೆ ಹನ್ನೆರಡರಲ್ಲಿ ಒಂದು ಪಾಲು ಚಿನ್ನಕ್ಕೆ ವೃಥಾ ಹಣ ತೆತ್ತಂತಾಗುತ್ತದೆ. ಕಾಸಿನ ಸರದಿಂದ ಬಿಡಿಸಿದ ಕಾಸುಗಳನ್ನು ಕೊಳ್ಳುವಾಗ ಇನ್ನೂ ಜಾಗ್ರತೆ ಬೇಕು. ಕೊಂಡಿಯ ಬೆಸುಗೆಯ ತೂಕವೂ ಚಿನ್ನದ ತೂಕದಲ್ಲಿ ಸೇರಿರುತ್ತದೆ.

ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮೊಹರು ಮಾಡಿ ನೀಡುವ ನಾಣ್ಯವನ್ನು ಕುತೂಹಲಕ್ಕಾಗಿಯೂ ತೆರೆಯಬಾರದು. ಮೊಹರು ಒಡೆದ ನಾಣ್ಯವನ್ನು ಮತ್ತೆ ಪರೀಕ್ಷಿಸಿಯೇ ಕೊಳ್ಳುವುದು ಅಂಗಡಿಗಳ ರೂಢಿ. ಅಂಗಡಿಯವರು ಹಳೆಯ ಚಿನ್ನಕ್ಕೆ ದೊಡ್ಡ ಮೊತ್ತವನ್ನು ನಗದಾಗಿ ನೀಡಲು ಒಪ್ಪದಿರುವುದಕ್ಕೂ ಕಾರಣವಿದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ನೀಡಿದಲ್ಲಿ ಆ ಮೊತ್ತವು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವಾಗಿ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ. ಬ್ಯಾಂಕ್ ಖಾತೆಗೆ ಹಣ ಪಡೆಯುವುದು ಮಾರುವವರಿಗೂ ದಾಖಲೆಯಾಗುತ್ತದೆ. ಮೂಲ ಬಿಲ್ಲು ಇದ್ದರೆ ಲಾಭದ ಮೇಲಿನ ತೆರಿಗೆಯ ಲೆಕ್ಕಕ್ಕೂ ಅನುಕೂಲ: 2024ರ ಜುಲೈ 23ರ ಬದಲಾವಣೆಯಂತೆ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಚಿನ್ನದ ಲಾಭಕ್ಕೆ ಶೇ. 12.5 ತೆರಿಗೆ ನಿಗದಿಯಾಯಿತು.

ನಿಧಿಯ ಹೆಸರಿನ ನಾಣ್ಯ

ಅಡಿಪಾಯ ತೋಡುವಾಗ ಹಳೆಯ ನಾಣ್ಯಗಳ ಗಡಿಗೆ ಸಿಕ್ಕಿತೆಂದು ಹೇಳಿ ಅರ್ಧ ಬೆಲೆಗೆ ಮಾರಲು ಬರುವವರ ವಂಚನೆಯು ರಾಜ್ಯದ ಹಲವು ಜಿಲ್ಲೆಗಳ ಪೊಲೀಸರಿಗೆ ಪರಿಚಿತ. ಮೊದಲು ಒಂದೆರಡು ಅಸಲಿ ಕಾಸು ಕೊಟ್ಟು ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಹಣ ತಂದ ದಿನ ಕೈಗೆ ಬರುವುದು ಹಿತ್ತಾಳೆ. ತೆರಕಣಾಂಬಿಯಂಥ ಪುರಾತನ ಊರುಗಳೂ ಹಳೆಯ ದೇಗುಲಗಳೂ ಇರುವ ಈ ಭಾಗದಲ್ಲಿ ನಿಧಿಯ ಮಾತಿಗೆ ಕಿವಿ ಬೇಗ ನಿಮಿರುತ್ತದೆ. ನಿಜವಾಗಿಯೂ ನಿಧಿ ದೊರೆತಲ್ಲಿ ಕರ್ನಾಟಕ ನಿಧಿ ಶೋಧ ಅಧಿನಿಯಮ, 1962ರ ಅನ್ವಯ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಕರ್ತವ್ಯ; ಗುಟ್ಟಾಗಿ ಮಾರುವುದು ಅಪರಾಧ. ಆದುದರಿಂದ ಇಂಥ ವ್ಯವಹಾರದಲ್ಲಿ ನಾಣ್ಯ ಅಸಲಿಯಾದರೂ ಕೊಳ್ಳುವವರಿಗೆ ತೊಂದರೆ ತಪ್ಪದು.

ಆಭರಣದ ಶುದ್ಧತೆಯಲ್ಲಿ ಸಂಶಯವಿದ್ದವರು ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರದಲ್ಲಿ ಸ್ವತಃ ಪರೀಕ್ಷೆ ಮಾಡಿಸಬಹುದು. 2022ರಲ್ಲಿ ಈ ಅವಕಾಶ ಕಲ್ಪಿಸಿದಾಗ ನಾಲ್ಕು ವಸ್ತುಗಳವರೆಗೆ 200 ರೂಪಾಯಿ ಶುಲ್ಕ ನಿಗದಿಪಡಿಸಲಾಯಿತು. ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿ ಪರಿಶೀಲಿಸಬಹುದು. ಹಾಲ್‌ಮಾರ್ಕ್ ಉಳ್ಳ ಆಭರಣದಲ್ಲಿ ನಮೂದಿಸಿದುದಕ್ಕಿಂತ ಕಡಿಮೆ ಶುದ್ಧತೆ ಕಂಡುಬಂದಲ್ಲಿ, ಕೊರತೆಯ ಮೊತ್ತದ ಎರಡರಷ್ಟು ಹಾಗೂ ಪರೀಕ್ಷಾ ಶುಲ್ಕವನ್ನು ಪರಿಹಾರವಾಗಿ ಪಡೆಯಲು 2018ರ ಬಿಐಎಸ್ ನಿಯಮಗಳು ಅವಕಾಶ ನೀಡುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲಿನ ಮೇಲೆ ಬರೆದ ಮರುಖರೀದಿಯ ಷರತ್ತನ್ನು ಅಂಗಡಿಯವರು ಪಾಲಿಸದಿದ್ದಲ್ಲಿ ಆ ಬಿಲ್ಲಿನೊಂದಿಗೆ ಚಾಮರಾಜನಗರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದ್ದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಸಂಬಂಧಿಸಿದ ದೂರಿಗೆ ಶುಲ್ಕವಿರುವುದಿಲ್ಲ.