ಪರವಾನಗಿ ಮನೆಗೆ, ಬೆಂಕಿ ಬಾಡಿಗೆದಾರನಿಗೆ

ಪೂರ್ವ ಲಂಡನ್ನಿನ ಶ್ಯಾಡ್‌ವೆಲ್ ಎಂಬಲ್ಲಿ, ಎರಡು ಮಲಗುವ ಕೋಣೆಗಳ ಒಂದು ಫ್ಲಾಟಿಗೆ 2023ರ ಮಾರ್ಚ್ 5ರಂದು ಬೆಂಕಿ ಬಿತ್ತು. ಹೊತ್ತಿಕೊಂಡದ್ದು ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ. ಸತ್ತದ್ದು ಬಾಂಗ್ಲಾದೇಶದಿಂದ ಬಂದಿದ್ದ ಒಬ್ಬ ವಲಸಿಗ. ಆ ಮನೆಗೆ ಪರವಾನಗಿ ಇರಲಿಲ್ಲ ಎಂದುಕೊಳ್ಳಬೇಡಿ. ಇತ್ತು. ಮೂವರ ವಾಸಕ್ಕೆಂದು ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲ್ ಕೊಟ್ಟ ಪರವಾನಗಿ. ಒಳಗೆ ಇದ್ದವರು ಹದಿನೆಂಟಕ್ಕೆ ಕಡಿಮೆಯಿಲ್ಲ. ಮಾಲೀಕರಿಗೆ ಆಮೇಲೆ ಕೋರ್ಟು ದಂಡ ಹಾಕಿತು. ಸತ್ತವನು ಸತ್ತ.

ಇಂಗ್ಲೆಂಡಿನಲ್ಲಿ ಹಲವರು ಹಂಚಿಕೊಂಡು ಬದುಕುವ ಬಾಡಿಗೆ ಮನೆಗಳಿಗೆ ಕೌನ್ಸಿಲ್‌ಗಳು ಪರವಾನಗಿ ಕೊಡುವ ಪದ್ಧತಿಯ ಬಗ್ಗೆ ವರ್ಷಗಳಿಂದ ಜಗಳ ನಡೆದಿದೆ. ಮಾಲೀಕರು ಇದನ್ನು ಹೊಸ ತೆರಿಗೆ ಎನ್ನುತ್ತಾರೆ. ನೆರೆಯ ಸ್ವಂತ ಮನೆಯವರು ಇಂಥ ಮನೆಗಳೇ ನಮ್ಮ ಬೀದಿಗೆ ಬೇಡ ಎನ್ನುತ್ತಾರೆ. ಈ ಗದ್ದಲದಲ್ಲಿ ಒಳಗೆ ಮಲಗಿರುವವನ ಮಾತು ಯಾರಿಗೂ ಕೇಳಿಸುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಇಂಗ್ಲೆಂಡಿನ ಮನೆ ಕಟ್ಟಿಕೊಂಡು ನಮಗೇನು ಎನ್ನಬೇಡಿ. ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ತೆಗೆದು ಓದಿಗೆಂದು ನಾವು ಕಳಿಸುವ ಎಷ್ಟೋ ಮಕ್ಕಳು ಅಲ್ಲಿ ಗಂಟು ಇಳಿಸುವುದು ಇಂಥ ಮನೆಗಳಲ್ಲೇ.

ಕಾನೂನು ಕೆಟ್ಟದ್ದೇನಲ್ಲ. 2004ರ ಹೌಸಿಂಗ್ ಆಕ್ಟ್ ಇದಕ್ಕೆ ಮೂಲ. 2006ರಲ್ಲಿ ಜಾರಿಗೆ ಬಂತು. ಎರಡು ಅಥವಾ ಹೆಚ್ಚು ಕುಟುಂಬಗಳಿಗೆ ಸೇರಿದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಪರವಾನಗಿ ಕಡ್ಡಾಯ. ಮೊದಲು ಇದು ಮೂರು ಅಂತಸ್ತಿನ ಮನೆಗಳಿಗೆ ಮಾತ್ರ ಇತ್ತು. 2018ರ ಅಕ್ಟೋಬರ್‌ನಿಂದ ಆ ಮಿತಿ ಹೋಯಿತು. ಕೌನ್ಸಿಲ್ ಮನಸ್ಸು ಮಾಡಿದರೆ ಮೂರು-ನಾಲ್ಕು ಜನರಿರುವ ಮನೆಗಳನ್ನೂ ಸೇರಿಸಿಕೊಳ್ಳಬಹುದು. ವಯಸ್ಕನೊಬ್ಬ ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರುವಂತಿಲ್ಲ. ಅಂದರೆ ಏಳು ಅಡಿ ಅಗಲ, ಹತ್ತು ಅಡಿ ಉದ್ದ. ಇಷ್ಟಾದರೂ ಜಾಗ ಕೊಡಿ ಎಂದು ಕಾನೂನು ಬರೆಯಬೇಕಾಯಿತು ಎಂದರೆ, ಅದಕ್ಕೂ ಮೊದಲು ಎಂಥ ಗೂಡುಗಳಲ್ಲಿ ಜನ ಮಲಗುತ್ತಿದ್ದರು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ಕಾನೂನಿನಲ್ಲಿ 'ಕುಟುಂಬ' ಎಂಬ ಮಾತಿಗೆ ಕೊಟ್ಟ ಅರ್ಥವೂ ಸ್ವಾರಸ್ಯದ್ದು. ಅಜ್ಜ, ಮೊಮ್ಮಗ, ಚಿಕ್ಕಪ್ಪ, ಸೋದರಮಾವ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು ಎಲ್ಲರೂ ಒಂದೇ ಕುಟುಂಬ. ಆದರೆ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿ ಉಣ್ಣುವ ಐವರು ಗೆಳೆಯರು ಐದು ಕುಟುಂಬ. ನಮ್ಮಲ್ಲಿ ಊರಿನವನೆಲ್ಲ ಭಾಯ್, ಓಣಿಯ ಹೆಂಗಸೆಲ್ಲ ಖಾಲಾ. ಈ ಅಕ್ಕರೆಯನ್ನೇ ಬಂಡವಾಳ ಮಾಡಿಕೊಂಡು, ಅಧಿಕಾರಿ ಬಂದರೆ ಅಣ್ಣತಮ್ಮಂದಿರು ಎಂದು ಹೇಳಿಬಿಡಿ ಎಂದು ಮಾಲೀಕ ಕಲಿಸಿಕೊಟ್ಟರೆ, ಹೊಸದಾಗಿ ಬಂದ ಹುಡುಗ ಇಲ್ಲ ಎನ್ನುವನೇ? ನಮ್ಮ ಭಾಷೆಯವನು, ನಮ್ಮ ಜಮಾತಿನವನು ಎಂಬ ನಂಬಿಕೆ ಬಾಡಿಗೆ ರಸೀದಿಯ ಜಾಗದಲ್ಲಿ ಕುಳಿತಾಗಲೇ ಮೋಸ ಶುರುವಾಗುತ್ತದೆ. ಇದನ್ನು ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?

ಈಗ ಮಾಲೀಕರ ದೂರು ನೋಡೋಣ. ಶುಲ್ಕ ಹಾಕಿದರೆ ಬಾಡಿಗೆ ಏರುತ್ತದಂತೆ. ಶುಲ್ಕ ಒಂದೊಂದು ಕೌನ್ಸಿಲ್‌ನಲ್ಲಿ ಒಂದೊಂದು ರೀತಿ. ಸಾವಿರ ಪೌಂಡ್ ಎಂದೇ ಹಿಡಿಯಿರಿ. ಪರವಾನಗಿ ಸಾಮಾನ್ಯವಾಗಿ ಐದು ವರ್ಷಕ್ಕೆ. ಐದು ಜನರಿಗೆ ಹಂಚಿದರೆ ತಲೆಗೆ ತಿಂಗಳಿಗೆ ಮೂರೂವರೆ ಪೌಂಡ್ ಕೂಡ ಆಗುವುದಿಲ್ಲ. ಒಂದು ಜೀವಕ್ಕೆ ಇದು ದುಬಾರಿಯೇ?

ನೆರೆಯವರ ಆಕ್ಷೇಪಕ್ಕೆ ಹಳೆಯ ಬೇರುಗಳಿವೆ. ಬರ್ಮಿಂಗ್‌ಹ್ಯಾಮ್ ನಗರ 1965ರಲ್ಲಿ ತನಗೆಂದೇ ಒಂದು ಕಾನೂನು ಮಾಡಿಸಿಕೊಂಡಿತು. ಹಲವರು ವಾಸಿಸುವ ಮನೆಗಳು ನೋಂದಾಯಿಸಬೇಕು. ಬೀದಿಯ ಸ್ವರೂಪ ಕೆಡುತ್ತದೆ ಎನಿಸಿದರೆ ನಗರಸಭೆ ನಿರಾಕರಿಸಬಹುದು. ಆಗ ಅಂಥ ಮನೆಗಳಲ್ಲಿ ಇದ್ದವರು ಯಾರು? ಪಾಕಿಸ್ತಾನ, ವೆಸ್ಟ್ ಇಂಡೀಸ್, ಐರ್ಲೆಂಡಿನಿಂದ ದುಡಿಯಲು ಬಂದವರು. ಚರ್ಮದ ಬಣ್ಣ ನೋಡಿ ಮನೆ ನಿರಾಕರಿಸುವುದನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅದಕ್ಕೂ ಮೊದಲು ಬೇರೆಲ್ಲೂ ಬಾಗಿಲು ತೆರೆಯದೆ ಒಂದೇ ಮನೆಯಲ್ಲಿ ತುಂಬಿಕೊಂಡವರನ್ನು, ಯಾಕೆ ತುಂಬಿಕೊಂಡಿರಿ ಎಂದು ಕೇಳಿದ ನ್ಯಾಯ ಅದು. ಇಂದು 'ಆರ್ಟಿಕಲ್ 4' ಎಂಬ ಯೋಜನಾ ನಿಯಮವಿದೆ. ಅದು ಜಾರಿಯಿರುವಲ್ಲಿ ಸಾಮಾನ್ಯ ಮನೆಯನ್ನು ಹಂಚಿಕೆಯ ಮನೆಯಾಗಿಸಲು ಬೇರೆ ಅನುಮತಿ ಬೇಕು. ಬರ್ಮಿಂಗ್‌ಹ್ಯಾಮ್ 2020ರ ಜೂನ್‌ನಲ್ಲಿ ಅದನ್ನು ಇಡೀ ನಗರಕ್ಕೆ ಹಾಸಿತು. ಕಸ, ಪಾರ್ಕಿಂಗ್, ಗಲಾಟೆಯ ದೂರುಗಳು ಸುಳ್ಳು ಎನ್ನುವುದಿಲ್ಲ. ಆದರೆ ಬೆಂಕಿ ತಡೆಯುವ ಬಾಗಿಲು ಇದೆಯೇ ಎಂದು ಕೇಳುವುದು ಬೇರೆ, ನಮ್ಮ ಬೀದಿಯಲ್ಲಿ ಎಂಥವರು ಇರಬೇಕು ಎಂದು ಕೇಳುವುದು ಬೇರೆ. ಮೊದಲನೆಯದು ರಕ್ಷಣೆ. ಎರಡನೆಯದು ಬಹಿಷ್ಕಾರಕ್ಕೆ ತೊಡಿಸಿದ ಸಭ್ಯ ಅಂಗಿ.

ಇನ್ನು ಬಾಡಿಗೆದಾರ. ಅವನೇಕೆ ದೂರು ಕೊಡುವುದಿಲ್ಲ? ಕೊಟ್ಟರೆ ಏನಾಗುತ್ತದೆ ನೋಡಿ. ಅಧಿಕಾರಿ ಬರುತ್ತಾನೆ, ಜನ ಹೆಚ್ಚಾದರು ಎನ್ನುತ್ತಾನೆ, ಮಾಲೀಕ ದೂರು ಕೊಟ್ಟವನನ್ನೇ ಮೊದಲು ಹೊರಗೆ ಹಾಕುತ್ತಾನೆ. ಓದಲು ಹೋದವನ ವೀಸಾದಲ್ಲಿ ಸರ್ಕಾರಿ ನೆರವು ಇಲ್ಲ ಎಂಬ ಷರತ್ತು ಇರುವುದರಿಂದ, ಮನೆಯಿಲ್ಲದವರಿಗೆ ಕೌನ್ಸಿಲ್ ಕೊಡುವ ಆಸರೆಯೂ ಅವನಿಗಿಲ್ಲ. ಮೇಲಾಗಿ 2014ರ ವಲಸೆ ಕಾನೂನು ಮನೆ ಮಾಲೀಕನನ್ನೇ ವೀಸಾ ತಪಾಸಣೆಗಾರನನ್ನಾಗಿ ಮಾಡಿದೆ. ಒಂದು ಕಾನೂನು ಬಾಯಿ ಬಿಡು ಎನ್ನುತ್ತದೆ, ಇನ್ನೊಂದು ಕತ್ತು ಹಿಡಿಯುತ್ತದೆ. ಹೀಗಿರುವಾಗ ಅವನು ಮೌನವಾಗಿರದೆ ಇನ್ನೇನು ಮಾಡಿಯಾನು?

ಆದ್ದರಿಂದ ಪರವಾನಗಿ ರದ್ದಾಗಲಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಕಣ್ಣು, ಕಾಲು ಬರಲಿ ಎನ್ನುತ್ತೇನೆ. ಅಪರಾಧದ ಶಂಕೆಯಿದ್ದರೆ ಮುನ್ಸೂಚನೆ ಕೊಡದೆ ಒಳಹೊಕ್ಕು ನೋಡುವ ಅಧಿಕಾರ ಕೌನ್ಸಿಲ್‌ಗಿದೆ, ಅದನ್ನು ಬಳಸಲಿ. ಜನರನ್ನು ಕಡಿಮೆ ಮಾಡು ಎಂದು ಆದೇಶಿಸುವವರು, ಹೊರಬಿದ್ದವನಿಗೆ ಮಾಲೀಕನ ಖರ್ಚಿನಲ್ಲೇ ತಲೆಯ ಮೇಲೊಂದು ಸೂರು ಕೊಡಿಸಲಿ. ಮನೆ ನೋಡಲು ಬಂದ ಅಧಿಕಾರಿ ವೀಸಾ ಕೇಳದಿರಲಿ. ಕಾರಣ ಹೇಳದೆ ಮನೆ ಬಿಡಿಸುವ ಸೆಕ್ಷನ್ 21ಕ್ಕೆ 2025ರ ಬಾಡಿಗೆದಾರರ ಹಕ್ಕುಗಳ ಕಾನೂನು ಕೊನೆ ಹಾಡಿದೆ. ಅದರ ರದ್ದತಿಗೆ 2026ರ ಮೇ 1ನ್ನು ಗೊತ್ತು ಮಾಡಲಾಯಿತು. ಒಳ್ಳೆಯದು. ಆದರೆ ಕಾಗದಪತ್ರವೇ ಇಲ್ಲದೆ, ಕೈಗೆ ನಗದು ಕೊಟ್ಟು ಮಲಗುವವನ ತನಕ ಆ ಹಕ್ಕನ್ನು ತಲುಪಿಸುವವರು ಯಾರು?

ಮಕ್ಕಳನ್ನು ಕಳಿಸಿದ ತಾಯ್ತಂದೆಯರಿಗೂ ಒಂದು ಮಾತು. ಪರವಾನಗಿ ಪಡೆದ ಮನೆಗಳ ಪಟ್ಟಿ ಅಲ್ಲಿನ ಪ್ರತಿ ಕೌನ್ಸಿಲ್‌ನಲ್ಲೂ ಸಾರ್ವಜನಿಕರು ನೋಡುವಂತಿರಬೇಕು ಎಂದು ಕಾನೂನಿದೆ. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನಿನ್ನ ಮನೆಯ ಪರವಾನಗಿ ಎಷ್ಟು ಜನರಿಗೆ, ಒಳಗೆ ಮಲಗುವವರು ಎಷ್ಟು ಜನ? ಈ ಎರಡು ಲೆಕ್ಕ ತಾಳೆಯಾಗದಿದ್ದರೆ, ಭಾಯ್ ಒಳ್ಳೆಯವರು ಎಂಬ ಸಮಾಧಾನಕ್ಕೆ ಒಪ್ಪಬೇಡಿ.