ರಬ್ಬರಿನ ಆನೆಗೆ ಮುಗಿದ ಕೈ

2024ರ ಡಿಸೆಂಬರಿನಲ್ಲಿ ಬಾಳೆಹೊನ್ನೂರಿನ ಶ್ರೀ ರಂಭಾಪುರಿ ಪೀಠಕ್ಕೆ 'ವೀರಭದ್ರ'ನೆಂಬ ಯಾಂತ್ರಿಕ ಆನೆ ಬಂದಿತು. ಅದಕ್ಕೆ ಮೊದಲೇ ಸುತ್ತೂರು ಶ್ರೀಮಠಕ್ಕೆ 'ಶಿವ' ಬಂದಿದ್ದನು. ಇವರಿಬ್ಬರಿಗೂ ಹಿರಿಯನೆಂದರೆ ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಾಲಯದ 'ರಾಮನ್'. 2023ರ ಫೆಬ್ರವರಿಯಲ್ಲಿ ಪ್ರಾಣಿದಯಾ ಸಂಸ್ಥೆಯಾದ ಪೇಟಾ ಇಂಡಿಯಾ ಅದನ್ನು ಆ ದೇವಾಲಯಕ್ಕೆ ಒಪ್ಪಿಸಿತು. ಸುಮಾರು 11 ಅಡಿ ಎತ್ತರ, 800 ಕಿಲೋ ತೂಕ. ಕಬ್ಬಿಣದ ಹಂದರ, ಅದರ ಮೇಲೆ ರಬ್ಬರಿನ ಚರ್ಮ, ಒಳಗೆ ವಿದ್ಯುತ್ ಮೋಟಾರುಗಳು. ಇಂತಹ ಆನೆ ತಲೆಯಾಡಿಸುತ್ತದೆ, ಕಿವಿ ಬೀಸುತ್ತದೆ, ಸೊಂಡಿಲೆತ್ತಿ ನೀರು ಚಿಮುಕಿಸುತ್ತದೆ. ಕಾಲನ್ನು ಮಾತ್ರ ಎತ್ತಿಡುವುದಿಲ್ಲ. ಚಕ್ರಗಳ ಮೇಲೆ ಸಾಗುತ್ತದೆ. ಯೋಚಿಸುವ ಯಂತ್ರವೂ ಅದಲ್ಲ, ಗುಂಡಿ ಒತ್ತುವವರು ಪಕ್ಕದಲ್ಲಿಯೇ ಇರುತ್ತಾರೆ. ಇಷ್ಟೆಲ್ಲ ತಿಳಿದಿದ್ದರೂ ಸೊಂಡಿಲು ಮೇಲೆದ್ದೊಡನೆ ಭಕ್ತನ ಕೈ ತಾನಾಗಿ ಮುಗಿಯುತ್ತದೆ.

ಇದನ್ನು ಕಂಡು ಆಕ್ಷೇಪಿಸುವ ಸದ್ಭಕ್ತರೂ ಇದ್ದಾರೆ. ಕಲ್ಲಿನ ನಾಗರವನ್ನು ಪೂಜಿಸುವ ಜನರು ಜೀವಂತ ನಾಗರದೊಡನೆ ನಡೆದುಕೊಳ್ಳುವ ಬಗೆಯನ್ನು ಅಣ್ಣ ಬಸವಣ್ಣನವರು ಎತ್ತಿ ತೋರಿಸಿದ ವಚನವನ್ನು ಅರಿಯದ ಭಕ್ತರಿಲ್ಲ. ಕಲ್ಲಿನ ನಾಗರ ಹೋಗಿ ರಬ್ಬರಿನ ಆನೆ ಬಂದಿತಷ್ಟೆ, ಮೌಢ್ಯವು ಹಾಗೆಯೇ ಉಳಿಯಿತಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಯೋಗ್ಯವಾದುದು, ಆದರೆ ಅರ್ಧದಲ್ಲಿ ನಿಂತದ್ದು. ಉತ್ತರ ಹೇಳುವ ಮುನ್ನ, ಆಕಾರವೊಂದೇ ಮನುಷ್ಯನ ಮನಸ್ಸನ್ನು ಹೀಗೆ ಹಿಡಿಯುವುದೇಕೆ ಎಂಬುದನ್ನು ನೋಡಬೇಕು.

ಟೋಕಿಯೊ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಮಾಸಾಹಿರೊ ಮೋರಿಯವರು 1970ರಲ್ಲಿ ಇದೇ ವಿಷಯವಾಗಿ ಒಂದು ಚಿಕ್ಕ ಲೇಖನ ಬರೆದರು. ಯಂತ್ರವು ಮನುಷ್ಯನನ್ನು ಹೋಲುತ್ತ ಹೋದಂತೆ ಅದರ ಮೇಲಿನ ಮಮತೆ ಏರುತ್ತದೆ. ಆದರೆ ಹೋಲಿಕೆ ಬಹುಪಾಲು ಪೂರ್ಣವಾಗಿ ಇನ್ನೇನು ಅಲ್ಪವೇ ಉಳಿಯಿತು ಎನ್ನುವಲ್ಲಿ ಮಮತೆ ಒಮ್ಮೆಗೇ ಕುಸಿದು ಅಳುಕಾಗುತ್ತದೆ. ಈ ಕುಸಿತವನ್ನು ಅವರು 'ಬುಕಿಮಿ ನೊ ತಾನಿ', ಅಂದರೆ ಅಳುಕಿನ ಕಣಿವೆ ಎಂದು ಕರೆದರು. ಅವರು ಕೊಟ್ಟ ದೃಷ್ಟಾಂತ ಕೃತಕ ಕೈಯದು. ನೋಡುವುದಕ್ಕೆ ನಿಜವಾದ ಕೈಯೇ. ಹಿಡಿದು ಕುಲುಕಿದಾಗ ತಣ್ಣಗೆ, ಮೂಳೆಯಿಲ್ಲದಂತೆ ತಗುಲಿದರೆ ಎದೆ ಝಲ್ಲೆನ್ನುತ್ತದೆ. ಅದಕ್ಕಿಂತ, ಬುದ್ಧನ ಮೂರ್ತಿಗಳನ್ನು ಕೆತ್ತುವ ಶಿಲ್ಪಿ ಮಾಡಿದ ಮರದ ಕೈ ಹಿತವೆಂದು ಅವರು ಭಾವಿಸಿದರು. ಅದು ಮರವೆಂಬುದನ್ನು ಮರೆಮಾಚುವುದಿಲ್ಲ. ಆದುದರಿಂದಲೇ ಅದರ ಚೆಲುವನ್ನು ಮನಸ್ಸು ಒಪ್ಪುತ್ತದೆ.

ಜಪಾನಿನವರೇ ಆದ ತಾಕಾನೊರಿ ಶಿಬಾತಾ ಅವರು ವೃದ್ಧರ, ಮರೆವಿನ ರೋಗಿಗಳ ಸಾಂತ್ವನಕ್ಕೆಂದು ಯಂತ್ರಪ್ರಾಣಿಯೊಂದನ್ನು ರೂಪಿಸಲು ಹೊರಟಾಗ ಬೆಕ್ಕಿನ ಆಕಾರವನ್ನೂ ಪ್ರಯತ್ನಿಸಿದ್ದರು. ಬೆಕ್ಕನ್ನು ಬಲ್ಲವರು ಅದರಲ್ಲಿ ಕೊರತೆಗಳನ್ನೇ ಕಂಡರು. ಕೊನೆಗೆ ಅವರು ಆರಿಸಿದ್ದು ಸೀಲ್ ಎಂಬ ಕಡಲಪ್ರಾಣಿಯ ಮರಿಯನ್ನು. ಅದನ್ನು ಮಡಿಲಲ್ಲಿಟ್ಟುಕೊಂಡು ಬಲ್ಲವರು ವಿರಳ, ಆದ್ದರಿಂದ ಹೋಲಿಸಿ ನೋಡುವವರಿಲ್ಲ. 'ಪಾರೊ' ಎಂಬ ಆ ಬಿಳಿಯ ಮರಿ ಇಂದು ಅನೇಕ ದೇಶಗಳ ವೃದ್ಧಾಶ್ರಮಗಳಲ್ಲಿದೆ. ಆನೆಯ ಸಂಗತಿ ಇದಕ್ಕೆ ತೀರ ವಿರುದ್ಧ. ಕನ್ನಡ ನಾಡಿನ ಮಗುವಿಗೂ ಆನೆ ಗೊತ್ತು. ಆದರೂ ಯಾಂತ್ರಿಕ ಆನೆ ಅಳುಕು ಹುಟ್ಟಿಸುವುದಿಲ್ಲವೆಂದರೆ ಅದಕ್ಕೆ ಕಾರಣ ಆ ಚಕ್ರಗಳೇ ಇರಬೇಕು. ಅದು ತಾನು ಗೊಂಬೆಯೆಂಬುದನ್ನು ಬಚ್ಚಿಡುವುದಿಲ್ಲ. ಮುಂದೆ ಯಾರಾದರೂ ಅದಕ್ಕೆ ನಡೆಯುವ ಕಾಲುಗಳನ್ನೂ ಬೆಚ್ಚಗಿನ ಉಸಿರನ್ನೂ ಜೋಡಿಸಲು ಹೊರಟರೆ ಬೇಡವೆನ್ನುವುದೇ ಲೇಸು.

ಈಗ ಜೀವಂತ ಆನೆಯ ಕಡೆಗೆ ಬರೋಣ. ಕಾಡಿನಲ್ಲಿ ಹಿರಿಯ ಹೆಣ್ಣಾನೆಯ ಹಿಂದೆ ಬಳಗ ಕಟ್ಟಿಕೊಂಡು ಹರದಾರಿಗಟ್ಟಲೆ ನಡೆಯುವ ಪ್ರಾಣಿಯದು. ಅದನ್ನು ಒಂಟಿಯಾಗಿ ಗಟ್ಟಿ ನೆಲದ ಮೇಲೆ ಸಂಕೋಲೆ ತೊಡಿಸಿ ನಿಲ್ಲಿಸಿದರೆ ಅಂಗಾಲು ಬಿರಿದು ಕೀವು ತುಂಬುತ್ತದೆ, ಕೀಲುಗಳು ಹಿಡಿಯುತ್ತವೆ. ನಿಂತಲ್ಲಿಯೇ ತೂಗುತ್ತ, ಬಿಡದೆ ತಲೆಯಾಡಿಸುತ್ತ ಇರುವುದು ಸೆರೆಯಲ್ಲಿರುವ ಆನೆಯ ಮನೋವೇದನೆಯ ಗುರುತೆಂದು ಪ್ರಾಣಿವೈದ್ಯರು ಹೇಳುತ್ತಾರೆ. ವಾದ್ಯಕ್ಕೆ ಆನೆ ಕುಣಿಯುತ್ತಿದೆಯೆಂದು ಜನರು ಹಿಗ್ಗುವುದೂ ಅನೇಕ ವೇಳೆ ಅದನ್ನೇ ಕಂಡು. ರಬ್ಬರಿನ ಆನೆಯೂ ತಲೆಯಾಡಿಸುತ್ತದೆ, ಅದಕ್ಕೂ ಹಿಗ್ಗುತ್ತಾರೆ. ಒಂದರೊಳಗೆ ಮೋಟಾರು, ಇನ್ನೊಂದರೊಳಗೆ ಸಂಕಟ. ನೋಡುವ ಕಣ್ಣಿಗೆ ಎರಡೂ ಒಂದೇ. ಹಣೆಯ ಪಟ್ಟ, ಬೆನ್ನಿನ ಜೂಲು, ಕೊರಳ ಗಂಟೆ ಇವುಗಳ ಮುಂದೆ ಕಾಲಿನ ಹುಣ್ಣು ಯಾರಿಗೂ ಕಾಣದೆ ಹೋಯಿತು. ಯಂತ್ರಕ್ಕೂ ಅದೇ ಕೈ ಅದೇ ಭಕ್ತಿಯಿಂದ ಮುಗಿಯುತ್ತದೆಯೆಂದರೆ, ಇಷ್ಟು ಕಾಲ ಮುಗಿದದ್ದೂ ಆಕಾರಕ್ಕೇ, ಆನೆಗಲ್ಲ ಎಂಬುದು ಸಿದ್ಧವಾಯಿತು. ಈ ಮಾತು ಕಹಿಯಾದರೂ ಅದರಲ್ಲೊಂದು ಬಿಡುಗಡೆಯಿದೆ. ಉತ್ಸವಕ್ಕೆ ಬೇಕಾದುದು ಆಕಾರವೇ ಆಗಿದ್ದರೆ ಅದನ್ನು ರಬ್ಬರು ಕೊಡಬಲ್ಲದು. ಜೀವವನ್ನು ಕಟ್ಟಿಹಾಕುವ ಅಗತ್ಯವಿಲ್ಲ.

ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ಬಸವಣ್ಣನವರ ಮಾತಿನ ಮೊನೆ ಕಲ್ಲಿಗೆ ತಾಗುವುದಿಲ್ಲ, ಜೀವದ ಮೇಲೆ ಎತ್ತಿದ ಕೈಗೆ ತಾಗುತ್ತದೆ. ಜೀವಂತ ಆನೆಯನ್ನು ಅಂಕುಶದಿಂದ ಉಳಿಸಲೆಂದೇ ನಿಲ್ಲಿಸಿದ ರಬ್ಬರಿನ ಆನೆಯನ್ನು ಆ ವಚನ ದೂಷಿಸದು. ಮಠದಲ್ಲಿ ರಬ್ಬರಿನ ಸೊಂಡಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವರು ತಮ್ಮೂರಿನ ಜಾತ್ರೆಗೆ ಲಾರಿಯಲ್ಲಿ ಬಾಡಿಗೆಯ ಆನೆಯನ್ನು ತರಿಸಿದರೆ ಮಾತ್ರ ವಚನ ಅಕ್ಷರಶಃ ಅವರದೇ ಆಗುತ್ತದೆ. ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ಆನೆ ಅಂಬಾರಿಯೆಂದು ಅಚ್ಚು ಹಾಕಿಸುವ ಮುನ್ನ, ಅದು ಯಾವ ಆನೆ, ಎಲ್ಲಿಂದ ಬರುತ್ತದೆ, ಅದರ ಕಾಲು ಹೇಗಿದೆ ಎಂದು ಸಮಿತಿಯ ಹಿರಿಯರು ಕೇಳಿ ತಿಳಿಯುವುದು ಕಷ್ಟದ ಕೆಲಸವೇನೂ ಅಲ್ಲ.